ಚುಕ್ಕೆಯಿಲ್ಲದ ಪುಟ

ನನ್ನ ಭಾವನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವನು ಕೆಳಗಿನ ಅಂಗಡಿಯ ಬೀಗದವನು. ಆಮೇಲೆ ಎದುರಿನ ಔಷಧಿ ಅಂಗಡಿಯವಳೂ ಅದನ್ನೇ ಹೇಳಿದಳು. ಇಬ್ಬರಿಗೂ ಚೆನ್ನಾಗಿ ಉಗಿದೆ. ಉಗಿದು ಮೆಟ್ಟಿಲು ಹತ್ತಿ ಬಂದು ನೋಡಿದರೆ ಭಾವ ಆ ನೀಲಿ ಉಣ್ಣೆಯ ಕೋಟನ್ನು ಎರಡನೆಯ ಸಲ ಬಿಚ್ಚುತ್ತ ಕೂತಿದ್ದರು. ಅವತ್ತು ಸೋಮವಾರ. ಶುಕ್ರವಾರ ಅವರು ವಿಮಾನ ಹತ್ತಬೇಕು. ಒಂಬತ್ತು ವರ್ಷದಿಂದ ಹೊರದೇಶದಲ್ಲಿ ದುಡಿಯುತ್ತಿರುವ ಹೆಂಡತಿಯ ಹತ್ತಿರ, ಅಂದರೆ ನನ್ನ ಅಕ್ಕನ ಹತ್ತಿರ, ಇನ್ನು ಮುಂದೆ ಅಲ್ಲೇ ಜೊತೆಯಲ್ಲಿರಲು ಹೊರಟಿದ್ದಾರೆ. ಪೆಟ್ಟಿಗೆ ಬಾಯಿ ತೆರೆದುಕೊಂಡು ಮೂಲೆಯಲ್ಲಿ ಬಿದ್ದಿತ್ತು. ಒಳಗೆ ಒಂದು ಜೊತೆ ಕಾಲುಚೀಲ, ಅದೂ ಒಂದು ಕಪ್ಪು, ಒಂದು ಬೂದಿ ಬಣ್ಣದ್ದು.

"ಭಾವ, ಮತ್ತೆ ಬಿಚ್ಚಿದ್ರಾ?" ಎಂದೆ.

"ಭುಜ ಕೂತಿಲ್ಲ."

"ಮೂವತ್ತು ವರ್ಷದಿಂದ ಊರಿಗೆಲ್ಲಾ ಭುಜ ಕೂರಿಸಿದೋರಿಗೆ ಹೆಂಡ್ತಿ ಕೋಟಿನ ಭುಜ ಕೂರ್ತಿಲ್ವಾ?"

"ನೀನು ನಿನ್ನ ಕಾಜಾ ನೋಡ್ಕೋ, ಸೂಜಿ," ಎಂದರು. ತಲೆ ಎತ್ತಲಿಲ್ಲ.

ಸೂಜಿ ಎಂದರೆ ನಾನೇ. ನಾದಿನಿಗೆ ಹೆಸರಿಡುವುದು ಭಾವಂದಿರ ಹಕ್ಕಲ್ಲವೇ, ಇಟ್ಟುಬಿಟ್ಟರು, ಬೀದಿಯೆಲ್ಲ ಹಿಡಿದುಕೊಂಡಿತು. ನಾನೇನೂ ಸುಮ್ಮಸುಮ್ಮನೆ ಚುಚ್ಚುವವಳಲ್ಲ. ಜನ ತಾವಾಗಿಯೇ ಬಂದು ಚುಚ್ಚಿಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಭಾವ ಹೊಲಿದ ಕೋಟುಗಳಿಗೆ ಕಾಜಾ ಹಾಕುವುದು ನನ್ನ ಕೆಲಸ. ಕಾಜಾ ಎಂದರೆ ಗುಂಡಿ ತೂರುವ ಕಂಡಿ. ಅದರ ಅಂಚನ್ನು ಒಂದೊಂದೇ ಹೊಲಿಗೆ ಹಾಕಿ ಕೈಯಲ್ಲೇ ಕಟ್ಟಬೇಕು, ಮಷೀನಿನ ಕಾಜಾ ಕಂಡರೆ ಭಾವನಿಗೆ ಆಗದು. ಗುಂಡಿ, ಕಾಜಾ, ಅಂಚು ಮಡಚುವುದು, ಇಷ್ಟು ನನಗೆ ಬರುತ್ತದೆ. ಭುಜದ ಕೆಲಸ ಬಾರದು. ಭುಜ ಎಂದರೆ ಕೋಟಿನ ಜೀವ, ಅದನ್ನು ಭಾವ ಯಾರ ಕೈಗೂ ಕೊಟ್ಟವರಲ್ಲ.

ನಮ್ಮದು ಬೀಗದವನ ಅಂಗಡಿಯ ಮೇಲಿನ ಒಂದೇ ಕೋಣೆ. ಬೀದಿಯ ಕಡೆಗೆ ಎರಡು ಕಿಟಕಿ, ಅವುಗಳ ಕೆಳಗೆ ಎರಡು ಮಷೀನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಬಾಗಿಲ ಹಿಂದೆ ಇಸ್ತ್ರಿ. ಗೋಡೆಯ ಮೊಳೆಗೆ ಒಂದು ಅಳತೆ ಟೇಪು ನೇತುಬಿದ್ದಿದೆ, ಶೋಕಿಗೆ. ಭಾವ ಅದನ್ನು ಮುಟ್ಟುವುದಿಲ್ಲ. ಗಿರಾಕಿ ಬಾಗಿಲಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅವರ ಅಳತೆ ಮುಗಿದಿರುತ್ತದೆ. ಅದಕ್ಕೇ ಊರು ಅವರನ್ನು ಕಣ್ಣಳತೆ ಎಂದು ಕರೆಯುವುದು. "ಟೇಪು ಹಿಡಿಯೋನು ಅರ್ಧ ಕುರುಡ" ಎನ್ನುವುದು ಅವರ ಜಂಬ.

ಈ ಕಸುಬಿನಲ್ಲಿ ಒಂದು ಗುಟ್ಟಿದೆ. ನೆಟ್ಟಗಿರುವ ಮನುಷ್ಯ ಎಂಬುವನು ಇಲ್ಲ. ಒಬ್ಬನಿಗೆ ಬಲಭುಜ ಇಳಿದಿರುತ್ತದೆ, ಇನ್ನೊಬ್ಬನಿಗೆ ಎಡಗಡೆಯ ಬೆನ್ನು ಉಬ್ಬಿರುತ್ತದೆ. ಅದನ್ನು ಅವರಿಗೆ ಹೇಳಬಾರದು. ಗಿರಾಕಿಯ ಓರೆ ಗಿರಾಕಿಗೆ ಹೇಳಬಾರದು ಎಂಬುದೇ ಭಾವನಿಗೆ ಅವರ ಗುರು ಕಲಿಸಿದ ಮೊದಲ ಪಾಠ. ಅಳತೆ ಪುಸ್ತಕದಲ್ಲಿ ಆ ಕಡೆಯ ಅಂಕಿಯ ಪಕ್ಕ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡಬೇಕು. ಚುಕ್ಕೆ ಇದ್ದರೆ, ಆ ಜಾಗದಲ್ಲಿ ಒಳಬಟ್ಟೆಯ ಅಸ್ತರಿನೊಳಗೆ ಹತ್ತಿ ತುಂಬು, ಬಾಯಿಗೆ ಬೀಗ ಹಾಕು ಎಂದರ್ಥ. ನಮ್ಮ ಬೀದಿಯ ಶಾಲೆಯ ಹೆಡ್ಮಾಸ್ತರರು ಕೋಟು ಹಾಕಿಕೊಂಡು ಕೋಲಿನ ಹಾಗೆ ನೆಟ್ಟಗೆ ನಡೆಯುತ್ತಾರೆ. ತಾವು ಹುಟ್ಟಿದ್ದೇ ಹಾಗೆ ಎಂದುಕೊಂಡಿದ್ದಾರೆ ಪಾಪ, ಅವರ ಪುಟದಲ್ಲಿ ಮೂರು ಚುಕ್ಕೆ. ಈ ಊರಿನ ಅರ್ಧ ಜನ ಭಾವನ ಹತ್ತಿಯ ಮೇಲೆ ನಿಂತಿದ್ದಾರೆ.

ಚುಕ್ಕೆಯಿಲ್ಲದ ಪುಟ ಒಂದೇ ಒಂದು. ಅದು ನನ್ನ ಅಕ್ಕನದು. ಇಪ್ಪತ್ತೆಂಟು ವರ್ಷದ ಹಿಂದೆ ಅವಳು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಾಗ ಒಂದು ಕೋಟು ಬೇಕಾಗಿ ಈ ಕೋಣೆಗೆ ಬಂದಳು. ಭಾವ ನೋಡಿದರು, ಅಂಕಿ ಬರೆದರು, ಕೆಂಪು ಪೆನ್ಸಿಲು ಕೈಗೆ ತೆಗೆದುಕೊಂಡರು, ಚುಕ್ಕೆ ಎಲ್ಲಿಡುವುದೆಂದು ಹುಡುಕಿದರು. ಅರ್ಧ ಗಂಟೆ ಹುಡುಕಿದರಂತೆ. "ಒಂದು ಓರೆನಾದ್ರೂ ಸಿಗುತ್ತೇನೋ ಅಂತ ನೋಡ್ತಾನೇ ಇದ್ದೆ, ಸಿಗಲಿಲ್ಲ, ಮದುವೆ ಆಗ್ಬಿಟ್ಟೆ" ಎಂದು ಬಂದ ಗಿರಾಕಿಗೆಲ್ಲ ಹೇಳುತ್ತಾರೆ. ಪುಟ ತೆಗೆದು ತೋರಿಸುತ್ತಾರೆ. ಅಕ್ಕ ಇಲ್ಲೇ ಇದ್ದಾಗ ಅದನ್ನು ಕೇಳಿ ಕೆಂಪಾಗುತ್ತಿದ್ದಳು. ನಾನು ಮಾತ್ರ, "ಹೌದು ಹೌದು, ಓರೆ ಎಲ್ಲಾ ನಾಲಿಗೆಗೆ ಬಂದು ನನ್ನ ಪಾಲಿಗೆ ಬಿತ್ತು" ಎನ್ನುತ್ತಿದ್ದೆ.

ಈಗ ಆ ಪುಟವೇ ನಮಗೆ ಮುಳ್ಳಾಗಿ ಕೂತಿದೆ.

ಅಕ್ಕ ಹೊರದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತಾಳೆ. ಹಾಸಿಗೆಯಿಂದ ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ಮತ್ತೆ ಮಲಗಿಸುವುದು. ಕೊನೆಯ ಸಲ ಇಲ್ಲಿಗೆ ಬಂದು ಹೋಗಿ ನಾಲ್ಕು ವರ್ಷವಾಯಿತು. ಎರಡು ವರ್ಷದ ಹಿಂದೆ ಒದ್ದೆ ಬಚ್ಚಲಿನಲ್ಲಿ ಒಬ್ಬ ಮುದುಕಿಯನ್ನು ಹಿಡಿದುಕೊಂಡಿದ್ದಾಗ ಕಾಲು ಜಾರಿತು. ಮುದುಕಿಗೆ ಏಟಾಗಬಾರದೆಂದು ಇವಳು ಕೆಳಗೆ ಬಿದ್ದಳು, ಮುದುಕಿ ಇವಳ ಮೇಲೆ ಬಿದ್ದಳು. ಎಡಭುಜದ ಮೂಳೆ ಮುರಿಯಿತು. ಕೂಡಿಸಿದರು, ಆದರೆ ಅದು ಓರೆಯಾಗಿ ಕೂಡಿಕೊಂಡಿತು. ಈಗ ಆ ಭುಜ ಎರಡು ಬೆರಳು ಇಳಿದಿದೆ, ಕೈ ಕಿವಿಯ ಮೇಲಕ್ಕೆ ಏಳುವುದಿಲ್ಲ. ಎತ್ತುವ ಕೆಲಸ ಬಿಡಿಸಿ ಔಷಧಿ ಪಟ್ಟಿ ಬರೆಯುವ ಕೆಲಸಕ್ಕೆ ಹಾಕಿದ್ದಾರೆ.

ಇದು ಗೊತ್ತಿರುವುದು ನನಗೊಬ್ಬಳಿಗೆ. ಭಾವನಿಗೆ ಹೇಳಿಲ್ಲ. "ಅವರಿಗೆ ಹೇಳಿದ್ರೆ ನನ್ನಾಣೆ" ಎಂದು ಕಟ್ಟಿಹಾಕಿದ್ದಾಳೆ. ದಿನಾ ನಾಲ್ಕು ಗಂಟೆಗೆ, ಅವಳ ಊಟದ ಹೊತ್ತಿಗೆ, ಭಾವ ಫೋನು ಮಾಡುತ್ತಾರೆ, ಮುಖ ನೋಡಿ ಮಾತಾಡುತ್ತಾರೆ. ಅಕ್ಕ ಮುಖ ಬಿಟ್ಟು ಬೇರೇನೂ ಕಾಣದ ಹಾಗೆ ಫೋನು ಹಿಡಿಯುತ್ತಾಳೆ. ಮಂಡಿಯವರೆಗಿದ್ದ ಜಡೆಯನ್ನು ಕತ್ತರಿಸಿಕೊಂಡಿದ್ದಾಳೆ. ಒಂದೇ ಕೈಯಲ್ಲಿ ಹೆಣೆಯಲು ಬಾರದು. ಭಾವ ಕೇಳಿದಾಗ "ಇಲ್ಲಿ ಎಲ್ಲರೂ ಹೀಗೇ ಬಿಡ್ತಾರೆ" ಎಂದಳು. ಭಾವ "ಚೆನ್ನಾಗಿದೆ" ಎಂದರು. ನಾನು ಪಕ್ಕದಲ್ಲೇ ಕಾಜಾ ಹಾಕುತ್ತ ಕೂತಿದ್ದೆ, ಬೆರಳಿಗೆ ಚುಚ್ಚಿಕೊಂಡೆ.

ಭಾವನಿಗೆ ಅಲ್ಲಿರಲು ಒಪ್ಪಿಗೆ ಸಿಕ್ಕಿದ್ದು ಮೂರನೆಯ ಅರ್ಜಿಗೆ. ಈ ತಿಂಗಳೊಳಗೆ ಹೋಗಿ ಇಳಿಯದಿದ್ದರೆ ಅದು ರದ್ದು. ಕಾಗದ ಬಂದ ದಿನವೇ ಭಾವ ಪೇಟೆಗೆ ಹೋಗಿ ನೀಲಿ ಉಣ್ಣೆ ತಂದರು. ಅಲ್ಲಿ ಚಳಿಯಂತೆ, ಅಕ್ಕನಿಗೆ ಕೋಟು ಹೊಲಿದುಕೊಂಡು ಹೋಗಬೇಕಂತೆ.

"ಅಳತೆ ಏನಾದ್ರೂ ಬದಲಾಗಿದೆಯಾ?" ಎಂದು ಫೋನಿನಲ್ಲಿ ಕೇಳಿದರು.

"ಅದೇ ರೀ. ಅದೇ ಪುಟ," ಎಂದಳು ಅಕ್ಕ.

ಸತ್ಯ ಹೇಳೋಣವೆಂದರೆ ಅಕ್ಕನ ಆಣೆ. ಹೇಳದಿದ್ದರೆ ಈ ಮನುಷ್ಯ ನೆಟ್ಟಗಿನ ಕೋಟು ಹೊಲಿದು, ಅಷ್ಟು ದೂರ ಹಾರಿ, ಅಲ್ಲಿ ಎಲ್ಲರೆದುರು ಅದನ್ನು ಅವಳಿಗೆ ತೊಡಿಸುತ್ತಾನೆ. ಎಡಗಡೆ ಜೋತುಬೀಳುತ್ತದೆ. ಆಗ ಅಕ್ಕನ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಏನು ಮಾಡಲಿ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಕಸುಬಿನ ಗುಟ್ಟನ್ನೇ ಕೈಗೆತ್ತಿಕೊಂಡೆ. ಭಾವ ಟೀ ಕುಡಿಯಲು ಕೆಳಗಿಳಿದಾಗ, ಹೊಲಿದಿಟ್ಟಿದ್ದ ಕೋಟಿನ ಎಡಭುಜದ ಅಸ್ತರು ನಾಲ್ಕು ಬೆರಳು ಬಿಚ್ಚಿ, ಒಂದು ಹಿಡಿ ಹತ್ತಿ ತುರುಕಿ, ಮತ್ತೆ ಹೊಲಿದುಬಿಟ್ಟೆ. ಜೋತುಬೀಳದಿದ್ದರೆ ಸಾಕು, ಮೊದಲ ನೋಟವೊಂದು ದಾಟಿಬಿಟ್ಟರೆ ಆಮೇಲಿನದು ಗಂಡಹೆಂಡಿರ ಪಾಡು ಎಂದುಕೊಂಡೆ.

ಮಾರನೆಯ ದಿನ ಬಂದು ನೋಡಿದರೆ ಭಾವ ಭುಜ ಬಿಚ್ಚಿಹಾಕಿದ್ದರು.

"ಯಾಕೆ ಭಾವ?"

"ಸರಿ ಬಂದಿಲ್ಲ."

ಅಯ್ಯೋ ನನ್ನ ಗತಿಯೇ! ಹತ್ತಿಯ ಗಡ್ಡೆ ಕೈಗೆ ಸಿಕ್ಕಿರಬೇಕು, ತನ್ನದೇ ತಪ್ಪು ಎಂದುಕೊಂಡಿರಬೇಕು. ವಯಸ್ಸಾಯಿತಲ್ಲ, ತಾನೇ ಹತ್ತಿ ತುಂಬಿ ಮರೆತೆನೇನೋ ಎಂದು ಹೆದರಿರಬೇಕು. ಪಾಪ ಅನ್ನಿಸಿತು. ಆದರೂ ಅವರು ಎರಡನೆಯ ಸಲ ಹೊಲಿದಿಟ್ಟಾಗ ನಾನು ಎರಡನೆಯ ಸಲ ಹತ್ತಿ ತುರುಕಿದೆ, ಈ ಸಲ ಸ್ವಲ್ಪ ಕಡಿಮೆ, ಚಪ್ಪಟೆಯಾಗಿ. ಅದರ ಮರುದಿನವೇ ಈ ಸೋಮವಾರ. ಮತ್ತೆ ಬಿಚ್ಚಿ ಕೂತಿದ್ದರು.

ಈಗ ಅವರಿಗೆ ತಲೆ ಕೆಟ್ಟಿದೆಯೋ ನನಗೆ ಕೆಟ್ಟಿದೆಯೋ ತಿಳಿಯದಾಯಿತು. ಪೆಟ್ಟಿಗೆಯ ಕತೆ ಇನ್ನೂ ಚೆಂದ. ಬೀಗದವನ ಹತ್ತಿರ ಹಳೆಯ ಹಿತ್ತಾಳೆ ತೂಗುವ ತಕ್ಕಡಿ ಇದೆ. ಮಂಗಳವಾರ ಬೆಳಿಗ್ಗೆ ಭಾವ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಮೂರು ಸಲ ಇಳಿದರು. ಒಂದು ಸಲ ದೊಡ್ಡ ಕತ್ತರಿ ಹಾಕಿಕೊಂಡು, ಒಂದು ಸಲ ತೆಗೆದು, ಒಂದು ಸಲ ಕತ್ತರಿಯನ್ನು ಸ್ವೆಟರಿನಲ್ಲಿ ಸುತ್ತಿಕೊಂಡು.

"ಸುತ್ತಿದ್ರೆ ತೂಕ ಕಮ್ಮಿ ಆಗುತ್ತಾ ಸ್ವಾಮಿ?" ಎಂದು ಬೀಗದವನು ನಕ್ಕ.

"ಕತ್ತರಿ ಇಲ್ದೇ ನಾನು ಅಲ್ಲಿ ಏನು ಮಾಡ್ಲಿ?"

"ಹೆಂಡ್ತಿ ಮುಖ ನೋಡ್ಕೊಂಡು ಕೂತ್ಕೊಳ್ಳಿ. ಒಂಬತ್ತು ವರ್ಷದ ಬಾಕಿ ಇದೆ."

ಭಾವ ನಗಲಿಲ್ಲ. ಮೇಲೆ ಬಂದು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತರು. "ಸೂಜಿ, ಅವಳು ಪೇಟೆಗೆ ಹೋದಾಗ ಚೀಲ ಯಾವ ಕೈಯಲ್ಲಿ ಹಿಡೀತಾಳೆ ಅಂತ ಏನಾದ್ರೂ ಹೇಳಿದ್ದಾಳಾ?" ಎಂದು ಕೇಳಿದರು.

"ಚೀಲನಾ? ಚೀಲದ ಸುದ್ದಿ ಯಾಕೆ?"

"ಸುಮ್ನೆ ಕೇಳ್ದೆ." ಕಾಲುಚೀಲ ಎತ್ತಿಕೊಂಡು ನೋಡಿ ಮತ್ತೆ ಪೆಟ್ಟಿಗೆಗೇ ಹಾಕಿದರು. "ನಾನು ಹೋಗೋದು ಅವಳಿಗೆ ಇಷ್ಟ ಇದೆಯಾ?"

ಎದುರಿಗೆ ಸಿಕ್ಕವರಿಗೆಲ್ಲ ಪಟಪಟ ಉತ್ತರ ಕೊಡುವವಳು ನಾನು. "ಇದೆಂಥ ಪ್ರಶ್ನೆ ಭಾವ, ಹೆಂಡ್ತಿಗೆ ಗಂಡ ಬರೋದು ಇಷ್ಟ ಇರಲ್ವಾ" ಎಂದು ಏನೋ ತೊದಲಿದೆ. ಅವರು ತಲೆಯಾಡಿಸಿದರು. ನಂಬಿದರೋ ಬಿಟ್ಟರೋ, ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಅವರು ಟೀಗೆ ಇಳಿದ ಕೂಡಲೇ ನನ್ನ ಫೋನು ಬಡಿದುಕೊಂಡಿತು. ಅಕ್ಕ. ಅಲ್ಲಿ ಆಗಿನ್ನೂ ಬೆಳಿಗ್ಗೆ.

"ಹೇಳಿದ್ಯಾ?" ಎಂದಳು.

"ಏನಂತ ಹೇಳ್ಲಿ?"

"ಬರೋದು ಬೇಡ ಅಂತ. ಮೊನ್ನೆಯಿಂದ ಬಡ್ಕೋತಿದೀನಲ್ಲ. ಮನೆ ಸಿಕ್ಕಿಲ್ಲ ಅನ್ನು, ಕೆಲಸದ ಜಾಗ ಬದಲಾಗ್ತಿದೆ ಅನ್ನು. ಮುಂದಿನ ವರ್ಷ ನೋಡೋಣ ಅನ್ನು."

"ಮುಂದಿನ ವರ್ಷಕ್ಕೆ ನಿನ್ನ ಭುಜ ಮೇಲೆದ್ದು ಬರುತ್ತಾ?"

ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ ಎಂದು ನನಗೇ ಶಾಪ ಹಾಕಿಕೊಂಡೆ.

"ಅಕ್ಕಾ, ತಪ್ಪಾಯ್ತು ಕಣೇ."

"ನಿಂಗೆ ಗೊತ್ತಾಗಲ್ಲ," ಎಂದಳು. ಕೋಪವಿರಲಿಲ್ಲ, ಅದೇ ಕಷ್ಟವಾಗಿದ್ದು. "ಇಪ್ಪತ್ತೆಂಟು ವರ್ಷದಿಂದ ಆ ಪುಟ ಊರಿಗೆಲ್ಲಾ ತೋರಿಸ್ಕೊಂಡು ಬಂದಿದ್ದಾರೆ. ಅವರು ಮದುವೆ ಆಗಿದ್ದು ಆ ಪುಟನ. ನಾನೀಗ ಆ ಪುಟ ಅಲ್ಲ. ಕನ್ನಡಿ ಮುಂದೆ ನಿಂತ್ರೆ ನನಗೇ ಯಾರೋ ಅನ್ಸುತ್ತೆ. ಅವರ ಕಣ್ಣು ಎಂಥದು ಅಂತ ನಿಂಗೊತ್ತಲ್ಲ, ಬಾಗಿಲಲ್ಲಿ ನೋಡಿದ್ರೆ ಸಾಕು, ಎಷ್ಟು ಇಂಚು ಅಂತ ಗೊತ್ತಾಗಿಬಿಡುತ್ತೆ. ಪಾಪ ಅಂತಾರೆ. ಅವರು ಪಾಪ ಅನ್ನೋದನ್ನ ನನಗೆ ತಡ್ಕೊಳಕ್ಕಾಗಲ್ಲ ಕಣೇ."

"ಮೂರು ಸಲ ಅರ್ಜಿ ಹಾಕಿದ್ದಾರೆ ಅಕ್ಕಾ. ಈಗ ಬಿಟ್ರೆ ಹೋಯ್ತು."

"ನಾಳೆ ನಾಲ್ಕು ಗಂಟೆವರೆಗೂ ನೋಡ್ತೀನಿ. ಅಷ್ಟರಲ್ಲಿ ನೀನು ಹೇಳಿರ್ಬೇಕು. ಇಲ್ದಿದ್ರೆ ನಾನೇ ಬೇಡ ಅಂತೀನಿ, ಕಾರಣ ಕೇಳಿದ್ರೆ ಫೋನ್ ಇಡ್ತೀನಿ," ಎಂದು ಫೋನು ಇಟ್ಟೇಬಿಟ್ಟಳು.

ಕೂತಲ್ಲೇ ಅತ್ತೆ. ಆಮೇಲೆ ಸಿಟ್ಟು ಬಂತು. ಇಬ್ಬರೂ ಸೇರಿ ನನ್ನನ್ನು ಮಧ್ಯೆ ಹಾಕಿಕೊಂಡು ಅರೆಯುತ್ತಿದ್ದಾರೆ! ಒಬ್ಬರು ಮೂಗನ ಹಾಗೆ ಬಿಚ್ಚುತ್ತಾರೆ, ಇನ್ನೊಬ್ಬಳು ಆಣೆ ಹಾಕುತ್ತಾಳೆ. ಭಾವನಿಗೆ ಹೇಳಿಬಿಡಲೇ? ಹೇಳಿದರೆ ಅಕ್ಕ ಜೀವಮಾನದಲ್ಲಿ ನನ್ನೊಡನೆ ಮಾತಾಡುವುದಿಲ್ಲ. ಬೇಡ ಎಂದು ಸುಳ್ಳು ಹೇಳಲೇ? ಆ ಒಂದು ಕಪ್ಪು ಒಂದು ಬೂದಿ ಕಾಲುಚೀಲ ಕಣ್ಣೆದುರಿಗೇ ಇತ್ತು, ಬಾಯಿ ಬರಲಿಲ್ಲ. ಅಂತೂ ದಿನ ಕಳೆಯಿತು, ನಿರ್ಧಾರ ಆಗಲಿಲ್ಲ.

ಬುಧವಾರ ಬೆಳಿಗ್ಗೆ ಕೋಟು ಮೂರನೆಯ ಸಲ ಮುಗಿದಿತ್ತು. ಭಾವ ಅದಕ್ಕೆ ಬಿಳಿ ಬಟ್ಟೆ ಹೊದಿಸಿ ನೇತುಹಾಕಿದ್ದರು. "ಕಾಜಾ ಗುರುತು ಹಾಕಿದೀನಿ, ಹಾಕ್ಬಿಡು. ನಾನು ಕಾಗದಪತ್ರ ಝೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ," ಎಂದು ಹೊರಟರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಇಳಿಯುವುದನ್ನೇ ಕಾದೆ. ಅಕ್ಕನಿಗೆ ಒಂದು ಮಾತು ಹೇಳಲು ನನಗೆ ಉಳಿದಿದ್ದ ದಾರಿ ಇದೊಂದೇ: ಕೋಟು ಸರಿಮಾಡಿದೀನಿ, ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ, ಹೆದರಬೇಡ ಬರಲಿ ಬಿಡು ಎಂದು. ಹತ್ತಿ ಮಡಿಲಲ್ಲಿಟ್ಟುಕೊಂಡು, ಬಿಳಿ ಬಟ್ಟೆ ಸರಿಸಿ, ಕೋಟನ್ನು ಮೇಜಿನ ಮೇಲೆ ಹರಡಿದೆ.

ಎಡಭುಜ ಎಲ್ಲಿ?

ಮೊದಲು ಬಟ್ಟೆ ಮಡಚಿಕೊಂಡಿದೆ ಎಂದುಕೊಂಡೆ. ಕೈಯಲ್ಲಿ ಸವರಿದೆ. ಮಡಚಿರಲಿಲ್ಲ. ಭಾವ ಎಡಭುಜವನ್ನು ಎರಡು ಬೆರಳು ಇಳಿಸಿ ಕತ್ತರಿಸಿದ್ದರು. ಹತ್ತಿಗೆ ಅಲ್ಲಿ ಜಾಗವೇ ಇರಲಿಲ್ಲ. ತೋಳು ಕೂಡುವ ಸುತ್ತು ಆ ಕಡೆ ಮಾತ್ರ ದೊಡ್ಡದು. ಕಂಕುಳಿನಲ್ಲಿ ಒಂದು ಚೌಕ ತುಂಡು ಸೇರಿಸಿದ್ದರು, ಕೈ ಮೇಲೆತ್ತದೆಯೇ ತೋಳು ತೊಡಬಹುದಿತ್ತು. ಒಳಗಿನ ಅಸ್ತರು ನುಣುಪು ಬಟ್ಟೆಯದು, ಜಾರಿಕೊಂಡು ಹೋಗಲಿ ಎಂದು. ಯಾವಾಗಲೂ ಆರು ಗುಂಡಿ ಇಡುವವರು ಮೂರೇ ಗುರುತು ಹಾಕಿದ್ದರು, ದೊಡ್ಡ ದೊಡ್ಡದಾಗಿ, ಬಲಗೈ ಒಂದಕ್ಕೇ ಎಟಕುವ ಹಾಗೆ.

ಒಳಜೇಬಿನಲ್ಲಿ ಏನೋ ಉಬ್ಬಿತ್ತು. ಕೈ ಹಾಕಿದೆ. ಎರಡು ಕಾಗದದ ಪೊಟ್ಟಣ. ಬಿಚ್ಚಿದರೆ ನನ್ನದೇ ಹತ್ತಿ, ಒಂದರಲ್ಲಿ ಮೊದಲ ಸಲದ ಹಿಡಿ, ಇನ್ನೊಂದರಲ್ಲಿ ಎರಡನೆಯ ಸಲದ ಚಪ್ಪಟೆ. ಪೊಟ್ಟಣಗಳ ಮೇಲೆ ಭಾವನ ಅಕ್ಷರದಲ್ಲಿ 'ಸೂಜಿಯದು' ಎಂದು ಬರೆದಿತ್ತು.

"ಮೂರನೇ ಸಲಕ್ಕೂ ತಂದಿದ್ಯಾ?" ಎಂದು ಬಾಗಿಲಿಂದ ಕೇಳಿಸಿತು. ಅವರು ಝೆರಾಕ್ಸಿಗೆ ಹೋಗಿಯೇ ಇರಲಿಲ್ಲ.

ಮಡಿಲ ಹತ್ತಿ ನೆಲಕ್ಕೆ ಬಿತ್ತು. "ನಿಮಗೆ ಗೊತ್ತಿತ್ತಾ?" ಎಂದೆ.

"ಎರಡು ವರ್ಷ ಆಯ್ತು."

"ಯಾರು ಹೇಳಿದ್ರು?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಅಲ್ಲಿಗೆ ಹೋದಾಗಿಂದ ಎಡಗೈಲಿ ಫೋನ್ ಹಿಡೀತಿದ್ದೋಳು ಒಂದು ದಿನ ಬಲಗೈಲಿ ಹಿಡಿದ್ಲು. ಎರಡು ತಿಂಗಳು ಹಾಗೇ. ಆಮೇಲೆ ಜಡೆ ಹೋಯ್ತು. ಕಿವಿಗೂ ಕಾಲರಿಗೂ ಮಧ್ಯ ಇರೋ ಜಾಗ ಒಂದು ಕಡೆ ಜಾಸ್ತಿ ಕಾಣುತ್ತೆ, ಅವಳು ಎಷ್ಟೇ ಹತ್ರ ಹಿಡಿದ್ರೂ." ಅವರು ಕುರ್ಚಿಯಲ್ಲಿ ಕೂತರು. ಕಾಗದಪತ್ರದ ಚೀಲ ಇನ್ನೂ ಕೈಯಲ್ಲೇ ಇತ್ತು. "ಕಣ್ಣಳತೆ ಅಂತಾರಲ್ಲ ನನ್ನ. ಹೆಂಡ್ತಿ ಭುಜ ಬಿದ್ದಿದ್ದು ಕಾಣಲ್ವಾ ನಂಗೆ?"

"ಮತ್ತೆ ಯಾಕೆ ಕೇಳಲಿಲ್ಲ? ಎರಡು ವರ್ಷ!" ನನಗೆ ಕೋಪ ಉಕ್ಕಿ ಬಂತು. ಅವರ ಮೇಲೋ ನನ್ನ ಮೇಲೋ, ಯಾರಿಗೆ ಗೊತ್ತು. "ಅವಳು ಅಲ್ಲಿ ಹೆದರ್ಕೊಂಡು ಸಾಯ್ತಿದ್ದಾಳೆ. ನಾನು ಇಲ್ಲಿ ಕಳ್ಳಿ ಹಾಗೆ ಅಸ್ತರು ಬಿಚ್ಚಿ ಹೊಲಿತಿದೀನಿ."

"ಗಿರಾಕಿ ಓರೆ ಗಿರಾಕಿಗೆ ಹೇಳಬಾರದು. ಬೇರೆ ಏನು ಬರುತ್ತೆ ನನಗೆ?" ಎಂದರು. "ಅವಳು ಮುಚ್ಚಿಟ್ಟಿದ್ದಾಳೆ, ನಾನು ಕಂಡೂ ಕಾಣದ ಹಾಗೇ ಇರೋಣ ಅಂತ ಮೊದಲು ಹಳೇ ಪುಟದ ಪ್ರಕಾರಾನೇ ಹೊಲಿದೆ. ನೋಡಿದ್ರೆ ಒಳಗೆ ನಿನ್ನ ಹತ್ತಿ. ಓಹೋ, ಇವಳಿಗೂ ಗೊತ್ತು ಅಂದ್ಕೊಂಡೆ. ಎರಡನೇ ಸಲ ಅರ್ಧ ಇಳಿಸಿ ಹೊಲಿದೆ. ಅದಕ್ಕೂ ನೀನು ತುರುಕಿದ್ದೆ. ಆಗ ಯೋಚನೆ ಬಂತು, ಎಲ್ಲರೂ ಸೇರಿ ಅವಳನ್ನ ಯಾಕೆ ಮುಚ್ತಿದೀವಿ ಅಂತ. ಅವಳು ಹೇಗಿದ್ದಾಳೋ ಹಾಗೆ ಹೊಲಿದೆ. ಸರಿನೋ ತಪ್ಪೋ ಈಗಲೂ ಗೊತ್ತಾಗ್ತಿಲ್ಲ ಸೂಜಿ. ಇದನ್ನ ನೋಡಿ ಅವಳಿಗೆ ಅವಮಾನ ಆದ್ರೆ? ಆಣೆಗೂ ಗೊತ್ತಾಗ್ತಿಲ್ಲ."

ನಾನು ಎದ್ದು ಅಳತೆ ಪುಸ್ತಕ ತೆಗೆದೆ. ಅಕ್ಕನ ಪುಟ ತೆರೆದೆ. ಹಳೆಯ ಅಂಕಿಗಳ ಮೇಲೆ ಒಂದೊಂದು ಗೆರೆ ಎಳೆದಿತ್ತು. ಕೆಳಗೆ ಹೊಸ ಅಂಕಿಗಳು, ಎಡ ಬೇರೆ, ಬಲ ಬೇರೆ. ಎರಡು ವರ್ಷದ ಹಿಂದಿನ ತಾರೀಖು. ಕೆಂಪು ಮಾತ್ರ ಎಲ್ಲೂ ಇರಲಿಲ್ಲ.

"ಚುಕ್ಕೆ ಎಲ್ಲಿ ಭಾವ?"

"ಚುಕ್ಕೆ ಹತ್ತಿ ಹಾಕೋರಿಗೆ," ಎಂದರು.

ನಾನು ಆಣೆ ಮುರಿದೆ. ಅಕ್ಕ ನಾಲ್ಕು ಗಂಟೆಗೆ ಬೇಡ ಎನ್ನಲಿದ್ದಾಳೆ ಎಂದು ಹೇಳಿಬಿಟ್ಟೆ. ಭಾವ ಒಂದು ತಂತಿಯ ಹ್ಯಾಂಗರು ತೆಗೆದುಕೊಂಡು, ಅದರ ಎಡತುದಿಯನ್ನು ಕೈಯಿಂದಲೇ ಕೆಳಕ್ಕೆ ಬಗ್ಗಿಸಿ, ಕೋಟನ್ನು ಅದಕ್ಕೆ ತೊಡಿಸಿ ಕಿಟಕಿಯ ಬೆಳಕಿನಲ್ಲಿ ನೇತುಹಾಕಿದರು. ಆ ಓರೆ ತಂತಿಯ ಮೇಲೆ ಕೋಟು ಒಂದು ಸುಕ್ಕೂ ಇಲ್ಲದೆ ಕೂತಿತು. ಮಧ್ಯಾಹ್ನ ಇಬ್ಬರೂ ಊಟ ಮಾಡಲಿಲ್ಲ. ಭಾವ ಮೂರು ಸಲ ಮುಖ ತೊಳೆದುಕೊಂಡರು.

ನಾಲ್ಕಕ್ಕೆ ಫೋನು ಹಚ್ಚಿದರು. ಅಕ್ಕನ ಮುಖ ಬಂತು, ಎಂದಿನಂತೆ ಗಲ್ಲದವರೆಗೆ ಮಾತ್ರ. ಕಣ್ಣು ಊದಿತ್ತು.

"ರೀ, ಒಂದು ಮಾತು ಹೇಳ್ಬೇಕು," ಎಂದಳು.

"ಮೊದಲು ಟ್ರಯಲ್ ನೋಡು," ಎಂದು ಭಾವ ಫೋನನ್ನು ಕೋಟಿನ ಕಡೆಗೆ ತಿರುಗಿಸಿದರು.

ನಾನು ಮಷೀನಿನ ಹಿಂದೆ ನಿಂತಿದ್ದೆ. ಆ ಕಡೆ ಎಲ್ಲೋ ದೂರದಲ್ಲಿ ಯಾರೋ ಮುದುಕರು ಕೆಮ್ಮಿದ್ದಷ್ಟೇ ಕೇಳಿಸಿತು. ಫೋನು ಇಟ್ಟುಬಿಟ್ಟಳೇ? ಇಣುಕಿ ನೋಡಿದೆ. ಇಟ್ಟಿರಲಿಲ್ಲ. ತೆರೆಯ ಮೇಲೆ ಚಾವಣಿ ಕಂಡಿತು, ಆಮೇಲೆ ಗೋಡೆ, ಆಮೇಲೆ ಚಿತ್ರ ನಿಂತಿತು. ಫೋನನ್ನು ಯಾವುದಕ್ಕೋ ಒರಗಿಸಿಟ್ಟಿದ್ದಳು. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಳು ನನ್ನ ಅಕ್ಕ, ತಲೆಯಿಂದ ಮಂಡಿಯವರೆಗೆ ಪೂರ್ತಿ ಕಾಣುವಷ್ಟು ದೂರ. ಎರಡು ವರ್ಷದಲ್ಲಿ ಮೊದಲ ಸಲ. ಬಲಗೈಯಿಂದ ಎಡಗೈ ಹಿಡಿದುಕೊಂಡಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

"ಎಡಗಡೆ ಇನ್ನೂ ಅರ್ಧ ಇಂಚು ಇಳಿಸ್ಬೇಕು ರೀ," ಎಂದಳು.

ಭಾವ ಫೋನನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ಕಣ್ಣು ಕಿರಿದು ಮಾಡಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಅರ್ಧ ಎಲ್ಲಿ? ಕಾಲು ಇಂಚು ಸಾಕು."

"ಅರ್ಧ. ಭುಜ ನಂದಾ ನಿಮ್ದಾ?"

"ನನ್ನ ಕಣ್ಣು ಸುಳ್ಳು ಹೇಳುತ್ತಾ? ಕಾಲು."

"ಅರ್ಧ ಅಂದ್ರೆ ಅರ್ಧ ರೀ!"

ಗಂಡಹೆಂಡಿರು ಜಗಳಕ್ಕೆ ನಿಂತರು. ಎರಡು ವರ್ಷದಿಂದ 'ಚೆನ್ನಾಗಿದೀನಿ, ಊಟ ಆಯ್ತಾ' ಬಿಟ್ಟು ಬೇರೆ ಮಾತಿಲ್ಲದಿದ್ದವರು, ಈಗ ಕಾಲು ಇಂಚಿಗೆ ಬೀದಿಗೆಲ್ಲ ಕೇಳುವ ಹಾಗೆ ಹೊಡೆದಾಡುತ್ತಿದ್ದರು. ಕೆಳಗಿನಿಂದ ಬೀಗದವನು "ಏನಾಯ್ತು?" ಎಂದು ಕೂಗಿದ. "ನಿನ್ನ ಕೆಲಸ ನೀನು ನೋಡ್ಕೋ" ಎಂದು ನಾನು ಕಿಟಕಿಯಿಂದ ಕೂಗಿದೆ.

ಕೊನೆಗೆ ಭಾವ, "ಆಯ್ತು, ಬಿಡು. ಶುಕ್ರವಾರ ಹೊರಡ್ತೀನಲ್ಲ, ಬಂದು ಅಳೀತೀನಿ," ಎಂದರು.

"ಬನ್ನಿ," ಎಂದಳು ಅಕ್ಕ.

ಫೋನು ಇಟ್ಟ ಮೇಲೆ ಭಾವ ಗೋಡೆಯ ಹತ್ತಿರ ಹೋದರು. ಮೂವತ್ತು ವರ್ಷದಿಂದ ಮೊಳೆಗೆ ನೇತುಬಿದ್ದಿದ್ದ ಟೇಪನ್ನು ತೆಗೆದು, ಧೂಳು ಊದಿ, ಬೆರಳಿಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಕತ್ತರಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಕಾಜಾ ಹಾಕು ಸೂಜಿ, ಹೊತ್ತಾಯ್ತು."

ಕೂತು ಮೂರು ಕಾಜಾ ಹಾಕಿದೆ. ಕಣ್ಣು ಮಂಜಾಗಿ ನಡುವಿನದು ಸ್ವಲ್ಪ ಓರೆಯಾಯಿತು. ಭಾವ ನೋಡಿದರು, ಏನೂ ಹೇಳಲಿಲ್ಲ. ನಾನೂ ಬಿಚ್ಚಲಿಲ್ಲ.